ಚಾಲಕಕೋಣೆಯಲ್ಲಿ ಭೃತ್ಯಾಚಾರ
ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಮಲಪ್ರಭೆಯ ಸೀಮೆಯಲ್ಲಿ ಕಲ್ಯಾಣದಿಂದ ಚದುರಿಬಂದ ಶರಣರ ನೆನಪು ಸ್ಥಳಪುರಾಣಗಳಲ್ಲಿ ಉಳಿದಿದ್ದು, ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿ ಬಸವಣ್ಣನ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಭಕ್ತರು ಇಂದಿಗೂ ಕಾಣುತ್ತಾರೆ. ಈ ಶರಣ ಪರಂಪರೆ ಪಂಚಾಚಾರಗಳಲ್ಲಿ ಎಣಿಸುವ ಭೃತ್ಯಾಚಾರ, ಅಂದರೆ ಶರಣರ ನಡುವೆ ತಾನೇ ಕಿರಿಯನೆಂದು ನಡೆದುಕೊಳ್ಳುವ ವಿನಯ, ಮಠದ ಹೊರಗೆ ಕಠಿಣ ಪರೀಕ್ಷೆಗೆ ಒಳಗಾಗುವ ಜಾಗಗಳಲ್ಲಿ ವಿಮಾನದ ಚಾಲಕಕೋಣೆಯೂ ಒಂದು.

ಹಾರಾಟದ ನಡುವೆ ಎಂಜಿನ್ನಿಗೆ ಬೆಂಕಿ ಬಿದ್ದರೆ ಒಬ್ಬ ಪೈಲಟ್ ವಿಮಾನವನ್ನು ಹಾರಿಸುತ್ತಲೇ ಇರುತ್ತಾನೆ. ಇನ್ನೊಬ್ಬ, ತಡಮಾಡಲಾಗದ ಮೊದಲ ಕ್ರಮಗಳನ್ನು ಬಾಯಿಪಾಠದಿಂದ ಮುಗಿಸಿ, ಚೆಕ್‌ಲಿಸ್ಟನ್ನು, ಎಂದರೆ ಆ ದೋಷಕ್ಕೆಂದೇ ಬರೆದಿಟ್ಟ ಕ್ರಮಗಳ ಪಟ್ಟಿಯನ್ನು, ಗಟ್ಟಿಯಾಗಿ ಓದುತ್ತಾನೆ. ಗಾಬರಿಯಲ್ಲಿ ಕೈ ಸರಿಯಿರುವ ಎಂಜಿನ್ನನ್ನೇ ಆರಿಸಿಬಿಡಬಹುದಾದ್ದರಿಂದ ಇಂಧನದ ಸ್ವಿಚ್ಚನ್ನು ಇಬ್ಬರೂ ನೋಡಿ ದೃಢಪಡಿಸಿಕೊಳ್ಳಬೇಕು. ಸಾವಿರಾರು ಗಂಟೆ ಹಾರಿದವನು ತನ್ನ ನೆನಪಿಗಿಂತ ಬರಹವನ್ನೂ ಕಿರಿಯನ ಕಣ್ಣನ್ನೂ ನೆಚ್ಚುವುದು ಅಹಂಕಾರಕ್ಕೆ ಒಗ್ಗುವ ಮಾತಲ್ಲ.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ದುರಂತಕ್ಕೆ ಯಂತ್ರದೋಷ ಕಾರಣವಾಗಿರಲಿಲ್ಲ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಮುಂದುವರಿದರೆಂದು ತನಿಖಾ ನ್ಯಾಯಾಲಯ ದಾಖಲಿಸಿತು. 158 ಜನ ತೀರಿಕೊಂಡರು. ಕ್ಯಾಪ್ಟನ್ನರ ದೀರ್ಘ ನಿದ್ದೆಯ ಮಂಪರನ್ನೂ ವರದಿ ಹೆಸರಿಸುವುದರಿಂದ ಎಲ್ಲವನ್ನೂ ಅಹಂಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ, ಆದರೂ ಕಿರಿಯನ ಮಾತಿಗೆ ಹಿರಿಯನ ಕೈ ಬಾಗುವ ರೂಢಿ ಮಂಪರಿನಲ್ಲೂ ಕಾಯಬಲ್ಲಷ್ಟು ಆಳಕ್ಕಿಳಿದಿರಬೇಕಿತ್ತು.

ಆಚಾರವೊಂದೇ ಸಾಲದು ಎಂಬುದಕ್ಕೂ ನಿದರ್ಶನವಿದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಮೇಲೆ, 3,000 ಅಡಿಗಿಂತ ಕೆಳಗೆ, ವಿಮಾನವೊಂದಕ್ಕೆ ಹಕ್ಕಿಗಳು ಬಡಿದು ಅದರ ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡಾಗ ಪೈಲಟ್‌ಗಳ ಕೈಲಿದ್ದ ಪಟ್ಟಿ 20,000 ಅಡಿಗಿಂತ ಮೇಲಿನ ವೈಫಲ್ಯಕ್ಕೆ ಬರೆದದ್ದಾಗಿತ್ತು. ಸಹಪೈಲಟ್ ಸ್ಕೈಲ್ಸ್ ಅದನ್ನೇ ಓದುತ್ತ ಹೋದರು. ಕ್ಯಾಪ್ಟನ್ ಸಲೆನ್‌ಬರ್ಗರ್, ಪಟ್ಟಿ ಹೇಳುವ ಮುನ್ನವೇ, ವಿಮಾನಕ್ಕೆ ವಿದ್ಯುತ್ ಒದಗಿಸುವ ಸಹಾಯಕ ಘಟಕವನ್ನು ಚಾಲೂ ಮಾಡಿದರು. ಹಡ್ಸನ್ ನದಿಯ ಮೇಲಿಳಿದ ಆ ವಿಮಾನದ 155 ಜನರೂ ಬದುಕಿದರು. ಕ್ಯಾಪ್ಟನ್ ಹೀಗೆ ಪಟ್ಟಿಗಿಂತ ಮುಂದಾದುದನ್ನು ಪಟ್ಟಿಯ ಧಿಕ್ಕಾರವೆನ್ನಲಾಗದು. ಅರಿವಿಲ್ಲದ ಆಚಾರವನ್ನು ಶರಣರು ಜರೆದರು, ಆದರೆ ಜರೆದವರೇ ತಮ್ಮ ಆಚಾರಕ್ಕೆ ಕಟ್ಟುಬಿದ್ದು ಬಾಳಿದರು. ಅವರಿಗೆ ಭೃತ್ಯನಾಗುವುದೆಂದರೆ ಬುದ್ಧಿಯನ್ನು ಒಪ್ಪಿಸಿಬಿಡುವುದಾಗಿರಲಿಲ್ಲ. ಹಡ್ಸನ್ ಘಟನೆಯ ತನಿಖೆ ನಡೆಸಿದ ಅಮೆರಿಕದ ಮಂಡಳಿ ಮುಂದೆ, ಕಡಿಮೆ ಎತ್ತರದಲ್ಲಿ ಎರಡೂ ಎಂಜಿನ್ ಕೆಟ್ಟಾಗ ಅನುಸರಿಸಲು ಬೇರೆಯೇ ಪಟ್ಟಿ ರಚಿಸಬೇಕೆಂದು ಶಿಫಾರಸು ಮಾಡಿತು.