ಮಕ್ಕಳ ಮೊದಲ ವ್ರತ



ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದಂತೆ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: “ನಮ್ಮ ಮಗುವಿಗೆ ಎಂಟು ವರ್ಷ ತುಂಬಿತು. ಈ ಸಲ ಏಕಾಶನ ಮಾಡಿಸಬಹುದೇ?” ಪ್ರಶ್ನೆಯು ಯೋಗ್ಯವಾದುದೇ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಉಪನೀತಿಕ್ರಿಯೆಯನ್ನು ಗರ್ಭದಿಂದ ಎಂಟನೆಯ ವರ್ಷಕ್ಕೆ ವಿಧಿಸಿದ್ದಾರೆ. ಆ ವಯಸ್ಸಿನ ಮಗು ಇಂದು ಎರಡನೆಯ ಅಥವಾ ಮೂರನೆಯ ತರಗತಿಯಲ್ಲಿ ಕುಳಿತಿರುತ್ತದೆ. ಆದರೆ ವ್ರತವು ಹೊಟ್ಟೆಯಿಂದಲೇ ಆರಂಭವಾಗಬೇಕೆಂದು ಶಾಸ್ತ್ರವು ಹೇಳುವುದಿಲ್ಲ. ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸೆ. ಮಗುವಿನ ಪಾಲಿಗೆ ಆ ವ್ರತದ ಕ್ಷೇತ್ರವು ಅದರ ಶಾಲೆಯೇ ಆಗಿದೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾವು ಇವನ್ನು ಎತ್ತು ಎಮ್ಮೆಗಳ ವಿಷಯದಲ್ಲಿ ವಿವರಿಸಿ ಮುಂದೆ ಸಾಗುತ್ತೇವೆ. ಒಮ್ಮೆ ಶಾಲೆಯ ಅಂಗಳದಲ್ಲಿ ನಿಂತು ನೋಡಿರಿ. ಬಡಕಲು ಬಾಲಕನೊಬ್ಬನನ್ನು ಕೋಣೆಯೊಳಗೆ ಕೂಡಿ ಚಿಲಕ ಹಾಕುವುದು ಬಂಧ. ಬೆನ್ನಿಗೆ ಗುದ್ದಿ ಓಡುವುದು ವಧ. ಪೆನ್ಸಿಲಿನ ಮೊನೆಯಿಂದ ಚುಚ್ಚುವುದು ಛೇದ. ನಾಲ್ವರ ಪಾಟಿಚೀಲಗಳನ್ನು ಒಬ್ಬನ ಹೆಗಲಿಗೇರಿಸಿ ನಡೆಸುವುದು ಅತಿಭಾರಾರೋಪಣ. ಬುತ್ತಿಯನ್ನು ಕಸಿದುಕೊಂಡು ಹಸಿದಿರಿಸುವುದು ಅನ್ನಪಾನನಿರೋಧ. ಐದೂ ಅಲ್ಲಿಯೇ ಇವೆ. ಸಂಜೆ ಬಸದಿಯಲ್ಲಿ ಣಮೋಕಾರ ಮಂತ್ರವನ್ನು ತಪ್ಪಿಲ್ಲದೆ ಹೇಳುವ ಮಗುವು ಮಧ್ಯಾಹ್ನ ಈ ಐದರಲ್ಲಿ ಒಂದನ್ನು ಮಾಡಿಬಂದಿಲ್ಲವೆಂದು ನಾವು ವಿಚಾರಿಸಿದ್ದೇವೆಯೇ?

ಕೈಯ ಹಿಂಸೆಗಿಂತ ನಾಲಿಗೆಯ ಹಿಂಸೆ ಹೆಚ್ಚು ಕಾಲ ಉಳಿಯುತ್ತದೆ. “ಕರಿಯ”, “ಡುಮ್ಮ”, “ದಡ್ಡ” ಎಂಬ ಅಡ್ಡಹೆಸರುಗಳು, ಕುಂಟುವವನ ಹಿಂದೆ ಕುಂಟಿ ತೋರಿಸುವುದು, ತೊದಲುವವಳ ಮಾತನ್ನು ತೊದಲಿ ಆಡಿ ಇತರರನ್ನು ನಗಿಸುವುದು, ಇವೆಲ್ಲ “ಮಕ್ಕಳಾಟ” ಎಂದು ದೊಡ್ಡವರು ಕೈಬಿಡುತ್ತಾರೆ. ಆಚಾರ್ಯರು ಹಾಗೆ ಕೈಬಿಡಲಿಲ್ಲ. ಹೀನಹಾಸ್ಯದ ಮಾತಿಗೆ ಕಂದರ್ಪವೆಂದೂ, ಅದಕ್ಕೆ ಅಂಗಚೇಷ್ಟೆಯೂ ಕೂಡಿದಾಗ ಕೌತ್ಕುಚ್ಯವೆಂದೂ ಹೆಸರಿಟ್ಟು, ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಹಾಸ್ಯ ಮತ್ತು ಜುಗುಪ್ಸೆಗಳನ್ನು ನೋಕಷಾಯಗಳಲ್ಲಿ ಎಣಿಸಿದ್ದಾರೆ. ನಗುವವನಿಗೆ ಅದು ಒಂದು ಗಳಿಗೆಯ ವಿನೋದ. ನಗೆಗೀಡಾದ ಮಗುವು ಮರುದಿನ ಹೊಟ್ಟೆನೋವೆಂದು ಹೇಳಿ ಶಾಲೆಗೆ ಹೋಗಲೊಲ್ಲದೆ ಮಲಗುತ್ತದೆ.

ಈಗ ನಮ್ಮ ಮನೆಯ ಮಕ್ಕಳಿಗೇ ವಿಶೇಷವಾಗಿ ಸಂಬಂಧಿಸಿದ ಮಾತಿಗೆ ಬರೋಣ. 2021ರ ಡಿಸೆಂಬರಿನಲ್ಲಿ ಕಲಬುರ್ಗಿಯೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡುವ ಕ್ರಮವು ಆರಂಭವಾಯಿತು. ಮುಂದೆ ಅದು ರಾಜ್ಯವೆಲ್ಲಕ್ಕೂ ವಿಸ್ತರಿಸಿತು. ಮಹಾಗಾಂವದಂತಹ ಊರಿನಲ್ಲಿ ಹಲವು ಮನೆಗಳ ಹಲವು ಆಚಾರದ ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತಾರೆ. ಮೊಟ್ಟೆಗೆ ನಮ್ಮ ಆಹಾರನಿಯಮದಲ್ಲಿ ಸ್ಥಾನವಿಲ್ಲ. ಅದರಲ್ಲಿ ಸಂದೇಹ ಬೇಡ. ಆದರೆ ನಮ್ಮ ಮಗುವು ಪಕ್ಕದ ತಟ್ಟೆಯನ್ನು ಕಂಡು ಮೂಗು ಮುಚ್ಚಿ ದೂರ ಸರಿದು ಕುಳಿತರೆ, ಅದು ವ್ರತಪಾಲನೆಯೇ? ಅಲ್ಲ. ನಾಲಿಗೆಯ ಮೇಲಿನ ನಿಯಮವು ಉಳಿಯಿತು; ಮನಸ್ಸಿನಲ್ಲಿ ಜುಗುಪ್ಸೆಯೂ ಕುಲಮದವೂ ಸೇರಿದವು. ಅಂತೆಯೇ ನಮ್ಮ ಮಗುವು ಗಡ್ಡೆಗೆಣಸು ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದು ಗೆಳೆಯರು ಹಾಸ್ಯ ಮಾಡಿದಾಗ, ಅದು ಕುಗ್ಗಿ ತನ್ನ ಮನೆಯ ಆಚಾರಕ್ಕೆ ನಾಚಿಕೊಳ್ಳುವುದೂ ತರವಲ್ಲ. “ಇದು ನಮ್ಮ ಮನೆಯ ನಿಯಮ, ನಾನು ಸಂತೋಷದಿಂದ ಪಾಲಿಸುತ್ತೇನೆ, ನಿನ್ನ ಊಟ ನೀನು ಮಾಡು, ಜೊತೆಯಲ್ಲೇ ಕೂರೋಣ” ಎಂದು ಹೇಳಲು ಕಲಿಸಿರಿ. ಈ ಒಂದು ಮಾತಿನಲ್ಲಿ ಸ್ವಂತ ಗೌರವವೂ ಇದೆ, ಪರರ ಗೌರವವೂ ಇದೆ. ಕಮಲಾಪುರದ ಬಾಳೆಯ ಸಿಪ್ಪೆ ಕೆಂಪಾಗಿದೆ, ಬೇರೆಡೆಯದು ಹಳದಿಯಾಗಿದೆ. ಹಣ್ಣೆಂಬ ಹೆಸರು ಎರಡಕ್ಕೂ ಒಂದೇ. ಇದನ್ನು ತಿಳಿಯದ ಮಗುವು ನಮ್ಮ ಸೀಮೆಯಲ್ಲಿಲ್ಲ.

ಇಲ್ಲೊಂದು ಶಂಕೆಯು ಹುಟ್ಟಬಹುದು. ಮದವನ್ನು ಬಿಡಬೇಕೆನ್ನುವ ಧರ್ಮವೇ ಮಗುವಿಗೆ ಆತ್ಮಗೌರವವನ್ನು ಕಲಿಸಬೇಕೆನ್ನುವುದು ಹೇಗೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಎಂಟನ್ನು ಆಶ್ರಯಿಸಿ ಬರುವ ಮದಗಳನ್ನು ಹೇಳಿದ್ದಾರೆ. ಈ ಎಂಟಕ್ಕೂ ಬೇರೊಬ್ಬನು ಕೀಳಾಗಿ ಕಾಣುವುದು ಅವಶ್ಯಕ. “ನಾನು ಉಪವಾಸ ಮಾಡಿದೆ, ಅವನು ಮಾಡಲಿಲ್ಲ” ಎನ್ನುವುದೂ ತಪೋಮದವೇ; ವ್ರತಿಕರು ಇದನ್ನು ಮರೆಯಬಾರದು. ಆತ್ಮಗೌರವಕ್ಕೆ ಕೀಳಾಗಲು ಯಾರೂ ಬೇಕಿಲ್ಲ. ಮೈಬಣ್ಣ, ಎತ್ತರ, ಅಂಗಾಂಗಗಳ ರಚನೆ ನಾಮಕರ್ಮದಿಂದ ಬಂದವು. ಬುದ್ಧಿಯ ಮಂದತೆ ಜ್ಞಾನಾವರಣದ ತೆರೆ. ತೆರೆಯು ದಪ್ಪವಿರಬಹುದು, ತೆಳುವಿರಬಹುದು. ಅದರ ಹಿಂದಿರುವ ಜೀವದ ಸ್ವಭಾವವು ಎಲ್ಲರಲ್ಲಿಯೂ ಒಂದೇ.

ಶಿವಭೂತಿ ಮುನಿಯ ಕಥೆಯನ್ನು ನೆನೆಯಿರಿ. ಅವರಿಗೆ ಯಾವ ಪಾಠವೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನ ಬೇಳೆಯನ್ನು ತೊಳೆದು ಹೊಟ್ಟನ್ನು ಬೇರ್ಪಡಿಸುತ್ತಿದ್ದ ಹೆಂಗಸನ್ನು ಕಂಡು, ಹೊಟ್ಟು ಬೇರೆ ಬೇಳೆ ಬೇರೆ, ಅಂತೆಯೇ ದೇಹ ಬೇರೆ ಆತ್ಮ ಬೇರೆ ಎಂಬ ಭಾವವನ್ನು ಹಿಡಿದರು. ಆ ಭಾವಶುದ್ಧಿಯಿಂದಲೇ ಕೇವಲಜ್ಞಾನವನ್ನು ಪಡೆದರು. ತೊಗರಿ ಒಡೆದು ಬೇಳೆ ಮಾಡುವ ಈ ನಾಡಿನಲ್ಲಿ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ದೂರ ಹೋಗುವುದೂ ಬೇಡ. ಕಲಬುರ್ಗಿಯಿಂದ ಸೇಡಮಿನ ದಾರಿಯಲ್ಲಿ ಕಾಗಿಣಾ ತಟದ ಮಳಖೇಡವಿದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಗುರುವೆಂದು ಭಾವಿಸಿದ್ದ ಜಿನಸೇನಾಚಾರ್ಯರು ಶಕ 759ರಲ್ಲಿ, ಅಂದರೆ ಕ್ರಿ. ಶ. 837ರಲ್ಲಿ, ಜಯಧವಲಾ ಟೀಕೆಯನ್ನು ಮುಗಿಸಿದರು. ಅದರ ಪ್ರಶಸ್ತಿಯಲ್ಲಿ ಅವರನ್ನು ಅತಿ ಸುಂದರರೂ ಅಲ್ಲ, ಅತಿ ಚತುರರೂ ಅಲ್ಲ, ಆದರೂ ಸರಸ್ವತಿಯು ಅವರನ್ನೇ ಆಶ್ರಯಿಸಿದಳು ಎಂಬರ್ಥದಲ್ಲಿ ವರ್ಣಿಸಲಾಗಿದೆ. ರೂಪದಿಂದ ಹೀಯಾಳಿಸಲ್ಪಟ್ಟ ಮಗುವಿಗೆ ಇದಕ್ಕಿಂತ ಹತ್ತಿರದ ಸಮಾಧಾನ ಎಲ್ಲಿದೆ?

ಹೀಯಾಳಿಸುವವನೂ ಹೀಯಾಳಿಸಲ್ಪಟ್ಟವನೂ ಇಬ್ಬರೇ ಇರುವುದಿಲ್ಲ. ಸುತ್ತಲೂ ನಿಂತು ನೋಡುವವರಿರುತ್ತಾರೆ. ಅವರಿಗೆ ಶಾಸ್ತ್ರವು ನಾಲ್ಕು ಭಾವನೆಗಳನ್ನು ಕೊಟ್ಟಿದೆ. ಸರ್ವಜೀವಿಗಳಲ್ಲಿ ಮೈತ್ರಿ: ಒಂಟಿಯಾಗಿ ಕುಳಿತವನನ್ನು ಆಟಕ್ಕೆ ಕರೆಯುವುದು. ಗುಣವಂತರಲ್ಲಿ ಪ್ರಮೋದ: ಸಹಪಾಠಿಯ ಗೆಲುವಿಗೆ ಮತ್ಸರವಿಲ್ಲದೆ ಸಂತೋಷಪಡುವುದು. ಕ್ಲೇಶಪಡುವವರಲ್ಲಿ ಕಾರುಣ್ಯ: ಅಳುವವನ ಪಕ್ಕದಲ್ಲಿ ಹೋಗಿ ನಿಲ್ಲುವುದು. ಅವಿನೀತರಲ್ಲಿ ಮಾಧ್ಯಸ್ಥ್ಯ: ಕೀಟಲೆ ಮಾಡುವವನ ನಗೆಯಲ್ಲಿ ಪಾಲುಗೊಳ್ಳದೆ, ಅವನನ್ನು ದ್ವೇಷಿಸದೆ ಇರುವುದು. ಮಾಧ್ಯಸ್ಥ್ಯವೆಂದರೆ ಕಂಡೂ ಕಾಣದಂತಿರುವುದಲ್ಲ.

ಉತ್ತಮ ಕ್ಷಮೆಯನ್ನೂ ತಪ್ಪಾಗಿ ತಿಳಿಯಬಾರದು. ಪೆಟ್ಟು ತಿಂದು ಬಂದ ಮಗುವಿಗೆ “ಕ್ಷಮಿಸಿಬಿಡು, ಸುಮ್ಮನಿರು” ಎಂದು ಬಾಯಿ ಮುಚ್ಚಿಸುವುದು ಕ್ಷಮೆಯ ಉಪದೇಶವಲ್ಲ. ಅದು ಭಯದ ಉಪದೇಶ, ಭಯವೂ ನೋಕಷಾಯವೇ. ಮೊದಲು ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಿರಿ. ಗುರುಗಳಿಗೆ ತಿಳಿಸಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿಯೂ ಇದೆ. ಅನ್ಯಾಯವು ನಿಂತ ಮೇಲೆ ವೈರವನ್ನು ಬಿಡುವುದು ಕ್ಷಮೆ.

ತಾಯಿತಂದೆಗಳೇ, ಮಗುವು ಅಡ್ಡಹೆಸರನ್ನು ಶಾಲೆಯಲ್ಲಿ ಕಲಿಯಿತೆಂದು ದೂರುವ ಮೊದಲು ನಮ್ಮ ಪಡಸಾಲೆಯ ಮಾತನ್ನು ಪರೀಕ್ಷಿಸೋಣ. ಸೊಸೆಯ ಬಣ್ಣವನ್ನೂ ಆಳಿನ ಜಾತಿಯನ್ನೂ ನೆರೆಯವನ ಬಡತನವನ್ನೂ ಆಡಿಕೊಂಡು ನಗುವವರು ನಾವೇ. ಪರನಿಂದೆಯೂ ಆತ್ಮಪ್ರಶಂಸೆಯೂ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಸೂತ್ರಕಾರರು ಹೇಳಿದ್ದಾರೆ. ಉಚ್ಚಕುಲದ ಹೆಮ್ಮೆಯಿಂದ ನಕ್ಕವನು ಆ ನಗುವಿನಿಂದಲೇ ನೀಚಗೋತ್ರವನ್ನು ಕಟ್ಟಿಕೊಳ್ಳುತ್ತಾನೆ.

ಜೀವಾವಧಿಯ ತ್ಯಾಗವು ಯಮ, ಕಾಲಮಿತಿಯುಳ್ಳದ್ದು ನಿಯಮ. ಮಕ್ಕಳಿಗೆ ನಿಯಮವೇ ಸಾಕು. ಈ ಪರ್ವದ ಹತ್ತು ದಿನಗಳಿಗೆ ಜಿನಬಿಂಬದ ಸಾಕ್ಷಿಯಾಗಿ ಮೂರು ಮಾತುಗಳನ್ನು ಹೇಳಿಸಿರಿ: ಯಾರನ್ನೂ ಅಡ್ಡಹೆಸರಿನಿಂದ ಕರೆಯುವುದಿಲ್ಲ, ಯಾರ ಬುತ್ತಿಯನ್ನೂ ಹೀಗಳೆಯುವುದಿಲ್ಲ, ಒಂಟಿಯಾದವರ ಪಕ್ಕದಲ್ಲಿ ದಿನಕ್ಕೊಮ್ಮೆ ಕೂರುತ್ತೇನೆ. ತಪ್ಪಿದ ದಿನ ಸಂಜೆ ಒಪ್ಪಿಕೊಳ್ಳಲಿ, ಗದರಿಸಬೇಡಿ. ದೊಡ್ಡವರೂ ಇದೇ ನಿಯಮವನ್ನು ಜೊತೆಯಲ್ಲಿ ಹಿಡಿಯಲಿ.

ಕ್ಷಮಾವಾಣಿಯಂದು ನಾವು ಬಂಧುಗಳ ಮನೆಗೆ ಹೋಗಿ ಕೈಮುಗಿಯುತ್ತೇವೆ. ಅವರಲ್ಲಿ ಬಹುಮಂದಿಗೆ ನಾವು ಯಾವ ನೋವನ್ನೂ ಕೊಟ್ಟಿರುವುದಿಲ್ಲ. ಈ ವರ್ಷ ನಿಮ್ಮ ಮಗುವಿನ ಕೈಹಿಡಿದು, ಅದು ನಿಜವಾಗಿ ನೋಯಿಸಿದ ಆ ಒಬ್ಬ ಸಹಪಾಠಿಯ ಮನೆಯ ಬಾಗಿಲಿಗೆ ಹೋಗಿರಿ. ಆ ಮನೆ ಯಾವ ಓಣಿಯದಾದರೂ, ಯಾವ ಮತದ್ದಾದರೂ ಸರಿ. ಆ ಹೊಸ್ತಿಲಲ್ಲಿ ಎಂಟು ವರ್ಷದ ಮಗುವು “ತಪ್ಪಾಯಿತು” ಎಂದು ಹೇಳಿದ ದಿನ, ಅದರ ಮೊದಲ ವ್ರತವು ಪೂರ್ಣವಾಯಿತೆಂದು ತಿಳಿಯಿರಿ. ಏಕಾಶನವು ಮುಂದಿನ ವರ್ಷ ಬರಲಿ.

ಸರ್ವರಿಗೂ ಮಂಗಲವಾಗಲಿ. ಜಯ ಜಿನೇಂದ್ರ.