ವ್ರತ ಮತ್ತು ಹಸಿವು

ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಮಗುವೊಂದು ಮೆಂಡರಿನಲ್ಲಿ ಪೆನ್ಸಿಲ್ ತಿರುಗಿಸುತ್ತದೆ. ತೆಳುವಾದ ಸಿಪ್ಪೆ ಸುರುಳಿಯಾಗಿ ಅಂಗೈಗೆ ಬೀಳುತ್ತದೆ. ಕಪ್ಪು ಮೊನೆ ಇಣುಕುತ್ತದೆ. ಅದು ಗ್ರಾಫೈಟ್. ಅಕ್ಷರಕ್ಕೆ ಒದಗುವ ಆ ವಸ್ತು ಆಯುಧಕ್ಕೂ ಒದಗೀತು. ಈ ಶಂಕೆಯಿಂದಲೇ ಒಂದು ಕಾಲದಲ್ಲಿ ಇರಾಕಿನ ಮಕ್ಕಳಿಗೆ ಸೇರಬೇಕಿದ್ದ ಪೆನ್ಸಿಲ್ಲುಗಳೂ ತಡೆಗೆ ಸಿಲುಕಿದವು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆರ್ಥಿಕ ದಿಗ್ಬಂಧನ ವಿಧಿಸಿತು. ರಕ್ತ ಹರಿಸದೆ ಅನ್ಯಾಯವನ್ನು ತಡೆಯಬೇಕೆಂಬ ಉದ್ದೇಶ ಸಾಧುವಾದದ್ದೇ. ಆಯುಧಸಂಚಯಕ್ಕೆ ಕಡಿವಾಣ ಬಿದ್ದದ್ದೂ ನಿಜ. ಆದರೆ ಸುಮಾರು 13 ವರ್ಷ ಕಳೆದರೂ ಇರಾಕನ್ನು ಆಳುತ್ತಿದ್ದ ಸದ್ದಾಂ ಹುಸೇನರ ಅರಮನೆಗೆ ಹಸಿವು ತಲುಪಲಿಲ್ಲ. ಬಾಗ್ದಾದಿನ ಮುತನಬ್ಬಿ ಬೀದಿಯಲ್ಲಿ ವಿದ್ಯಾವಂತರು ಜೀವನವಿಡೀ ಕೂಡಿಟ್ಟ ಗ್ರಂಥಗಳನ್ನು ಹೊಟ್ಟೆಪಾಡಿಗಾಗಿ ಮಾರಿದರು. ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ ಈ ಸಂಕಟ ಸಹಿಸಲಾರದೆ 1998ರಲ್ಲಿ ವಿಶ್ವಸಂಸ್ಥೆಯ ಹುದ್ದೆಯನ್ನೇ ತ್ಯಜಿಸಿದರು.

ಹಾಗೆಂದು ಎಲ್ಲ ನಿರ್ಬಂಧವೂ ಕ್ರೂರವೆನ್ನಲಾಗದು. ವರ್ಣಭೇದವನ್ನು ಪ್ರತಿಭಟಿಸಿ ಭಾರತ 1946ರಲ್ಲೇ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಿಲ್ಲಿಸಿತು. 1959ರಲ್ಲಿ ಅಲ್ಲಿನ ಕಪ್ಪು ಜನರ ನಾಯಕ ಆಲ್ಬರ್ಟ್ ಲುಥುಲಿ, ತಮ್ಮ ದೇಶದ ಸರಕನ್ನು ಬಹಿಷ್ಕರಿಸಿ ಎಂದು ಜಗತ್ತನ್ನು ಬೇಡಿದರು. ಪೆಟ್ಟು ತಮ್ಮವರ ಮೇಲೂ ಬೀಳುವುದೆಂದು ಅರಿತೇ ಬೇಡಿದರು. 1994ರಲ್ಲಿ ಆ ನಾಡು ಬಿಡುಗಡೆ ಕಂಡಿತು. ಅದಕ್ಕೆ ಕಾರಣಗಳು ಹಲವು. ಆ ಬಹಿಷ್ಕಾರವೂ ಅವುಗಳಲ್ಲೊಂದು.

ಎರಡೂ ಕಡೆ ಮುಚ್ಚಿದ್ದು ಬಾಗಿಲೇ. ಆದರೆ ತಾನೇ ಕೈಗೊಂಡ ಉಪವಾಸ ವ್ರತವಾಗುತ್ತದೆ. ಪರರು ಹೇರಿದ ಉಪವಾಸ ಹಸಿವಾಗಿಯೇ ಉಳಿಯುತ್ತದೆ. ವ್ರತಕ್ಕೆ ಮನಸ್ಸನ್ನು ಕರಗಿಸುವ ಶಕ್ತಿಯುಂಟು. ಹಸಿದವನಿಗೆ ಅಂದಿನ ಅನ್ನದಾಚೆಗೆ ಯೋಚಿಸುವ ತ್ರಾಣವಿರದು. ಅವನು ಪಡಿತರ ಕೊಡುವ ದೊರೆಗೇ ಇನ್ನಷ್ಟು ಅಧೀನನಾಗುತ್ತಾನೆ.

ನಾವೂ ಮುನಿದಾಗ ಮನೆಯಲ್ಲಿ ಮಾತು ಬಿಡುತ್ತೇವೆ. ಕೈ ಎತ್ತಲಿಲ್ಲ, ಬೈಯಲಿಲ್ಲ ಎಂದು ಸಮಾಧಾನಪಡುತ್ತೇವೆ. ಆದರೆ ಆ ಮೌನ ಯಾರನ್ನು ಉದ್ದೇಶಿಸಿತ್ತೋ ಅವರು ಎಂದಿನಂತೆ ಉಂಡು ಏಳುತ್ತಾರೆ. ಪಕ್ಕದಲ್ಲಿ ಕುಳಿತ ಮಗು ತುತ್ತು ಕೈಯಲ್ಲೇ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿರುತ್ತದೆ. ಕೋಪಕ್ಕೆ ಗುರಿ ಗೊತ್ತು. ದಾರಿಯಲ್ಲಿ ನಿಂತವರು ಕಾಣುವುದಿಲ್ಲ.

ಬಾಗಿಲು ಮುಚ್ಚಲೇಬೇಕಾದ ದಿನಗಳು ಬಾಳಿನಲ್ಲಿ ಬಂದೇ ಬರುತ್ತವೆ. ಅಗುಳಿ ಹಾಕುವ ಮುನ್ನ, ಆಚೆ ನಿಂತವರು ಯಾರೆಂದು ಒಮ್ಮೆ ನೋಡೋಣ. ಅವರ ಪಾಲಿಗೆ ಇದು ವ್ರತವೋ ಹಸಿವೋ ಎಂದು ಅವರನ್ನೇ ಕೇಳೋಣ.