ಸ್ತನ್ಯದೋಷವು ಯಾರ ದೋಷ?

ಕೂಸು ಇರುಳೆಲ್ಲ ಅತ್ತರೆ, ಹೊಟ್ಟೆಯುಬ್ಬರಿಸಿದರೆ, ಮೈ ಹತ್ತದೆ ಸೊರಗಿದರೆ, ಮನೆಯ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: “ತಾಯಿಯ ಹಾಲು ಕೆಟ್ಟಿರಬೇಕು.” ಒಡನೆಯೇ ವಿಚಾರಣೆ ಆರಂಭವಾಗುತ್ತದೆ. ಬಾಣಂತಿ ಏನು ತಿಂದಳು, ತಣ್ಣೀರು ಮುಟ್ಟಿದಳೆ, ಪಥ್ಯ ತಪ್ಪಿದಳೆ ಎಂದು ಎಲ್ಲರೂ ನ್ಯಾಯಾಧಿಪತಿಗಳಾಗುತ್ತಾರೆ, ಅಪರಾಧಿನಿ ಆಕೆಯೊಬ್ಬಳೇ. ಬಳಲಿದ ಆ ಜೀವವು ಕಡೆಗೆ ಆ ತೀರ್ಪನ್ನು ತಾನೂ ನಂಬಿಬಿಡುತ್ತದೆ. ಈ ತೀರ್ಪು ನ್ಯಾಯವಾದುದೆ? ಹಾಲಿನ ಗುಣದೋಷಗಳಿಗೆ ಹಾಲೂಡುವವಳೊಬ್ಬಳೇ ಹೊಣೆಯೆ? ಇದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಂತೆಯೇ ಧರ್ಮದ ಪ್ರಶ್ನೆಯೂ ಆಗಿದೆ.

ಪೂರ್ವಕಾಲದ ವೈದ್ಯಾಚಾರ್ಯರು ಈ ವಿಷಯವನ್ನು ಕಡೆಗಣಿಸಿದವರಲ್ಲ. ಚರಕಸಂಹಿತೆಯು ಎಂಟು ಕ್ಷೀರದೋಷಗಳನ್ನು ಎಣಿಸುತ್ತದೆ. ನೀರಿನ ಪಾತ್ರೆಯಲ್ಲಿ ಕರೆದಾಗ ಅದರೊಡನೆ ಸಮನಾಗಿ ಬೆರೆಯುವ ಹಾಲು ಶುದ್ಧವೆಂದು ಪರೀಕ್ಷಾಕ್ರಮವನ್ನೂ ತಿಳಿಸುತ್ತದೆ. ಸುಶ್ರುತನಾದರೋ ಶಿಶುವಿನ ಮೇಲಣ ಎಡೆಬಿಡದ ಸ್ನೇಹವೇ ಹಾಲು ಹರಿಯುವುದಕ್ಕೆ ಕಾರಣವೆಂದನು. ಆದರೆ ಇವರು ದೋಷವೆಂದು ಕರೆದದ್ದು ಹಾಲಿನ ವಿಕಾರವನ್ನೇ ಹೊರತು ತಾಯಿಯ ಶೀಲದ ಕಳಂಕವನ್ನಲ್ಲ. ಅದಕ್ಕೆ ವಿಧಿಸಿದ್ದು ಚಿಕಿತ್ಸೆಯನ್ನೇ ಹೊರತು ನಿಂದೆಯನ್ನಲ್ಲ. ವೈದ್ಯನ ಮಾತನ್ನು ದಂಡಾಧಿಕಾರಿಯ ಮಾತನ್ನಾಗಿ ಮಾಡಿದವರು ಲೌಕಿಕರು.

ಈಚಿನ ಶೋಧನೆಗಳಿಂದ ಈ ವಿಷಯಕ್ಕೆ ಹೊಸ ಬೆಳಕು ಬಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೇ ಎಂಬ ವಿದ್ವಾಂಸನು ಮೊಲೆಹಾಲುಣ್ಣುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಸೂಕ್ಷ್ಮಜೀವಿಯೊಂದನ್ನು ಕಂಡನು. ಬಿಫಿಡೋಬ್ಯಾಕ್ಟೀರಿಯಮ್ ಎಂಬುದು ಅದರ ಇಂದಿನ ಹೆಸರು. ಇನ್ನು ಹಾಲಿನ ಮಾತು. ಮೊಲೆಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಮತ್ತು ಕೊಬ್ಬು ಇವುಗಳ ತರುವಾಯ ಅಧಿಕವಾಗಿರುವ ಘನಾಂಶವೆಂದರೆ ಆಲಿಗೋಸ್ಯಾಕರೈಡುಗಳೆಂಬ ಸಂಕೀರ್ಣ ಶರ್ಕರೆಗಳು. ಲೀಟರಿಗೆ ಸುಮಾರು ೫ರಿಂದ ೧೫ ಗ್ರಾಮಿನವರೆಗೆ ಇರುವ ಇವು ಹಸುವಿನ ಹಾಲಿನಲ್ಲಿ ಅತ್ಯಲ್ಪ. ಆಶ್ಚರ್ಯವೇನೆಂದರೆ, ಇವನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ! ಹಾಗಾದರೆ ತಾಯಿಯ ದೇಹವು ಇಷ್ಟು ಶ್ರಮಪಟ್ಟು ಇವನ್ನು ಯಾರಿಗಾಗಿ ಸಿದ್ಧಪಡಿಸುತ್ತದೆ? ಇವು ದೊಡ್ಡ ಕರುಳನ್ನು ಸೇರಿ ಟಿಸಿಯೇ ಕಂಡ ಆ ಜೀವಿಗಳಿಗೆ ಆಹಾರವಾಗುತ್ತವೆ. ಅವು ಉಂಡು, ಆಮ್ಲಗಳನ್ನು ಹುಟ್ಟಿಸಿ, ರೋಗಕಾರಕಗಳಿಗೆ ಎಡೆಗೊಡದೆ ಕೂಸನ್ನು ಕಾಯುತ್ತವೆ. ಗೃಹಸ್ಥನು ತಾನುಣ್ಣುವ ಮುನ್ನ ಅತಿಥಿಗೂ ಭೂತಗಳಿಗೂ ಪಾಲಿಡಬೇಕೆಂಬ ವಿಧಿಯುಂಟಷ್ಟೆ? ತಾಯಿಯ ದೇಹವು ಯಾರ ಉಪದೇಶವೂ ಇಲ್ಲದೆ ಆ ವಿಧಿಯನ್ನು ನಡೆಸುತ್ತಿದೆ.

ಇಂತಹ ಹಾಲಿನ ರಚನೆಯನ್ನು ನಿರ್ಣಯಿಸತಕ್ಕ ಕಾರಣಗಳು ಹಲವು. ಮೊದಲನೆಯದು ಹುಟ್ಟು. ಒಂದು ವಂಶಾಣುವಿನ ಭೇದದಿಂದ ಕೆಲವು ತಾಯಂದಿರ ಹಾಲಿನಲ್ಲಿ ಮೇಲೆ ಹೇಳಿದ ಶರ್ಕರೆಗಳ ಒಂದು ವರ್ಗವೇ ಇಲ್ಲವೆಂಬಷ್ಟು ಕಡಮೆ. ಅನೇಕ ಜನಾಂಗಗಳಲ್ಲಿ ಸುಮಾರು ಐವರಲ್ಲಿ ಒಬ್ಬಳು ಇಂಥವಳು. ಎರಡನೆಯದು ಕಾಲ. ಮೊದಲ ದಿನಗಳ ಹಳದಿ ಹಾಲಿನಲ್ಲಿ ರೋಗನಿರೋಧಕ ದ್ರವ್ಯಗಳು ಹೆಚ್ಚು. ಒಂದೇ ಸಾರಿ ಊಡುವಾಗಲೂ ಮೊದಲಿಗಿಂತ ಕೊನೆಯ ಹಾಲಿನಲ್ಲಿ ಕೊಬ್ಬು ಅಧಿಕ. ಮೂರನೆಯದು ಹೆರಿಗೆಯ ರೀತಿ. ಶಸ್ತ್ರಕ್ರಿಯೆಯಿಂದ ಹುಟ್ಟಿದ ಕೂಸಿನ ಕರುಳಿಗೂ ಸಹಜವಾಗಿ ಹುಟ್ಟಿದುದರ ಕರುಳಿಗೂ ಮೊದಲು ಬಂದು ನೆಲಸುವ ಜೀವಿಗಳು ಬೇರೆ. ಜೀವಿನಾಶಕ ಔಷಧಗಳಿಂದಲೂ ಈ ವ್ಯವಸ್ಥೆ ಕದಲುತ್ತದೆ. ನಾಲ್ಕನೆಯದು ಆಹಾರ. ತಾಯಿ ಬಡಕಲಾದರೂ ಹಾಲಿನ ಲ್ಯಾಕ್ಟೋಸ್ ಬಹುಮಟ್ಟಿಗೆ ಕುಂದುವುದಿಲ್ಲ; ಆದರೆ ಕೊಬ್ಬಿನ ಜಾತಿ, ಕೆಲವು ಜೀವಸತ್ತ್ವಗಳು, ಅಯೋಡಿನ್ ಇವು ಆಕೆಯ ಊಟದಂತೆ ಏರಿಳಿಯುತ್ತವೆ. ಈ ನಾಲ್ಕರಲ್ಲಿ ಮೊದಲ ಮೂರು ಪ್ರಾಯಶಃ ಆಕೆಯ ಇಚ್ಛೆಗೆ ಒಳಪಟ್ಟುವಲ್ಲ.

ನಾಲ್ಕನೆಯದಾದರೂ ಆಕೆಯ ಕೈಯಲ್ಲಿದೆಯೆ? ಫಿಲಿಪೈನ್ಸಿನ ದೃಷ್ಟಾಂತವನ್ನು ನೋಡಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಎದೆಹಾಲನ್ನೇ ಉಣ್ಣುತ್ತಿದ್ದ ಎಳೆಗೂಸುಗಳು ಬೆರಿಬೆರಿ ರೋಗದಿಂದ ಸಾಯುತ್ತಿದ್ದುವು. ತಾಯಂದಿರು ಉಣ್ಣುತ್ತಿದ್ದುದು ಗಿರಣಿಯಲ್ಲಿ ತೌಡು ಕಳೆದು ಬಿಳಿಮಾಡಿದ ಅಕ್ಕಿಯನ್ನು. ೧೯೧೨ರಲ್ಲಿ ಚೇಂಬರ್ಲೇನ್ ಮತ್ತು ವೆಡ್ಡರ್ ಎಂಬ ವೈದ್ಯರು ಅದೇ ತೌಡಿನ ಸಾರವನ್ನು ಕೂಸುಗಳಿಗೆ ಕೊಟ್ಟು ರೋಗವನ್ನು ಗುಣಪಡಿಸಿದರು. ತೌಡಿನೊಡನೆ ಹೋಗಿದ್ದದ್ದು ಥಯಾಮಿನ್ ಎಂಬ ಜೀವಸತ್ತ್ವವೆಂದು ಮುಂದೆ ತಿಳಿಯಿತು. ಇಲ್ಲಿ ದೋಷವು ಹಾಲಿನಲ್ಲಿ ಕಾಣಿಸಿಕೊಂಡಿತು, ನಿಜ. ಆದರೆ ಹುಟ್ಟಿದ್ದು ಗಿರಣಿಯಲ್ಲಿ. ತನ್ನ ಮಡಕೆಗೆ ಬಂದುದನ್ನು ಬೇಯಿಸಿ ಉಂಡವಳನ್ನು ಕೂಸಿನ ಮೃತ್ಯುವಿಗೆ ಕಾರಣಳೆಂದರೆ ಧರ್ಮವು ಒಪ್ಪೀತೆ?

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಹಸು ಕರುಹಾಕಿದರೆ ಅದರ ಗಿಣ್ಣನ್ನು ಬೆಲ್ಲ ಏಲಕ್ಕಿ ಸೇರಿಸಿ ಬೇಯಿಸಿ, ನೆರೆಮನೆಗೂ ಹಂಚಿ ತಿನ್ನುವ ಕನ್ನಡನಾಡಿನಲ್ಲಿಯೇ, ಬಾಣಂತಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಕೂಸಿನ ಬಾಯಿಗೆ ಜೇನನ್ನೋ ಸಕ್ಕರೆನೀರನ್ನೋ ಹಾಕುವ ಮನೆಗಳುಂಟು. ಚೆಲ್ಲೆಂದು ಹೇಳಿದವರು ಹಿರಿಯರು. ಮುಂದೆ ಕೂಸಿಗೆ ಬೇನೆ ಬಂದಾಗ ಬೈಗುಳನ್ನು ಕೇಳತಕ್ಕವಳು ಬಾಣಂತಿ. ಕೊಡುವುದೆಂದು ಊಟವನ್ನು ಕಟ್ಟುಮಾಡಿ, ಸೊಪ್ಪು ಕಾಯಿಪಲ್ಯಗಳನ್ನು ಪಥ್ಯದ ಹೆಸರಿನಲ್ಲಿ ದೂರವಿರಿಸುವವರೂ ಆ ಹಿರಿಯರೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಹೊಣೆಯನ್ನು ಹೀಗೆ ಹಂಚುತ್ತ ಹೋದರೆ ಅದು ಯಾರದೂ ಅಲ್ಲವಾದೀತು. ಹತ್ತು ಮಂದಿಯ ಹಸು ಮೇವಿಲ್ಲದೆ ಬಿದ್ದಂತಾದೀತು. ತಾಯಿಗೂ ಎಚ್ಚರ ತಪ್ಪೀತು ಎಂದು. ಇದಕ್ಕೆ ಸಮಾಧಾನವು ವ್ಯಾಕರಣದಲ್ಲಿಯೇ ಇದೆ. ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿಯ ಮತ. ಎಲ್ಲಿಯವರೆಗೆ ಸ್ವಾತಂತ್ರ್ಯವೋ ಅಲ್ಲಿಯವರೆಗೆ ಕರ್ತೃತ್ವ. ಎಲ್ಲಿಯವರೆಗೆ ಕರ್ತೃತ್ವವೋ ಅಲ್ಲಿಯವರೆಗೆ ಹೊಣೆ. ಮದ್ಯ, ಹೊಗೆಸೊಪ್ಪು, ವೈದ್ಯನನ್ನು ಕೇಳದೆ ನುಂಗುವ ಔಷಧ ಇವನ್ನು ಬಿಡುವುದು ತಾಯಿಗೆ ಸಾಧ್ಯವಿದ್ದರೆ ಬಿಡಬೇಕಾದದ್ದು ಆಕೆಯ ಕರ್ತವ್ಯವೇ ಸರಿ. ಆದರೆ ತಟ್ಟೆಯಲ್ಲಿ ಬೀಳುವುದನ್ನು ನಿರ್ಣಯಿಸುವ ಗಂಡನೂ ಅತ್ತೆಯೂ ತಟ್ಟೆಯ ಮಟ್ಟಿಗೆ ಕರ್ತೃಗಳು. ಹೆರಿಗೆಯನ್ನು ನಡೆಸುವ ವೈದ್ಯನು ಅದರ ಮಟ್ಟಿಗೆ. ರಜೆ ಕೊಡುವ ಧಣಿಯೂ ಕಾನೂನು ಮಾಡುವ ಸರ್ಕಾರವೂ ತಮ್ಮ ತಮ್ಮ ಮಟ್ಟಿಗೆ. ಹಂಚಿದ ಹೊಣೆಯು ಕಳೆದುಹೋಗುವುದು ಪಾಲುಗಾರರು ತಮ್ಮ ಪಾಲನ್ನು ಒಪ್ಪದಿದ್ದಾಗ ಮಾತ್ರ.

ಸಮಾಜವು ತನ್ನ ಪಾಲನ್ನು ಕೆಲವು ಕಡೆ ಒಪ್ಪಿಕೊಂಡಿದೆ. ಡಬ್ಬಿಯ ಹಾಲಿನ ಪುಡಿಯ ಜಾಹೀರಾತುಗಳನ್ನು ತಡೆಯಲು ಭಾರತದಲ್ಲಿ ೧೯೯೨ರಲ್ಲಿ ಶಾಸನವಾಯಿತು. ಹೆರಿಗೆಯ ಸಂಬಳದ ರಜೆಯನ್ನು ೨೦೧೭ರಲ್ಲಿ ೨೬ ವಾರಗಳಿಗೆ ಏರಿಸಲಾಯಿತು. ಆದರೆ ಹೊಲದ ಕೂಲಿಯವಳಿಗೆ ಅಂತಹ ರಜೆಯ ಮಾತೇ ಇಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿ ತಾಯಿಹಾಲಿನ ಭಂಡಾರವೊಂದು ಸ್ಥಾಪಿತವಾಗಿ, ಹಾಲು ಸಾಲದ ತಾಯಿಯ ಕೂಸಿಗೆ ಬೇರೊಬ್ಬ ತಾಯಿಯ ಹಾಲು ದೊರೆಯುವಂತಾಯಿತು. ಯಶೋದೆಯನ್ನು ತಾಯಿಯೆಂದು ಪೂಜಿಸುವ ಜನಕ್ಕೆ ಇದು ಹೊಸ ಧರ್ಮವೇನೂ ಅಲ್ಲ.

ಆದಕಾರಣ ಕೂಸು ಇರುಳಿನಲ್ಲಿ ಅತ್ತಾಗ ಮನೆಯವರು ಕೇಳತಕ್ಕ ಪ್ರಶ್ನೆಯ ಕ್ರಮವು ಬದಲಾಗಬೇಕು. ಬಾಣಂತಿ ಏನು ತಪ್ಪು ಮಾಡಿದಳೆಂಬುದಕ್ಕೆ ಮುಂಚೆ, ಆಕೆ ಹೊಟ್ಟೆತುಂಬ ಉಂಡಳೆ, ಕಣ್ತುಂಬ ನಿದ್ರೆಮಾಡಿದಳೆ, ಕೂಸನ್ನು ಗಳಿಗೆಹೊತ್ತು ಎತ್ತಿಕೊಂಡವರು ಯಾರಾದರೂ ಇದ್ದರೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಅನಂತರ ವೈದ್ಯನನ್ನು ಕರೆಯಬೇಕು. ನಿಂದೆಗೆ ಆಮೇಲೆ ಅವಕಾಶವಿರುವುದು ಅಪೂರ್ವ.